ಪ್ರಭಾವಕ್ಕೆ ಐದು ಅಂಕ

ನನಗೆ ಉರ್ದು ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ಸಿಕ್ಕಿತು. ಕುರುಗೋಡಿನ ಲಿಂಗಾಯತರ ಮನೆಯ ಹೆಣ್ಣುಮಗಳಿಗೆ ಉರ್ದು ಹೇಗೆ ಬಂತು ಎಂದು ಸಂದರ್ಶನಕ್ಕೆ ಕೂತವರು ಹುಬ್ಬೇರಿಸಿದರು. ಅಪ್ಪನಿಗೆ ಸಿರುಗುಪ್ಪದ ಕಾಲುವೆ ಕಚೇರಿಗೆ ವರ್ಗವಾಗಿತ್ತು, ಪಕ್ಕದ ಮನೆಯಲ್ಲಿ ಉರ್ದು ಶಾಲೆಯ ಟೀಚರ್ ಇದ್ದರು, ಅವರ ಅಡುಗೆಮನೆಯಲ್ಲಿ ಕೂತು ಕಲಿತೆ ಎಂದೆ. ಅವರಿಗೆ ಬಹಳ ಖುಷಿಯಾಯಿತು. ಅದು ಸರ್ಕಾರದ ಅನುದಾನದಲ್ಲಿ ನಡೆಯುವ ಸಂಶೋಧನೆ. ಈ ಕಡೆಯ ಮುಸ್ಲಿಮರು ಬರೆಯುವ ಬ್ಲಾಗುಗಳನ್ನೆಲ್ಲ ಓದಿ, ಯಾವುವು ಜನರನ್ನು ಉಗ್ರವಾದದ ಕಡೆಗೆ ಎಳೆಯುತ್ತವೆ ಎಂದು ಪತ್ತೆ ಮಾಡಬೇಕು. ಬಳ್ಳಾರಿಯ ಒಂದು ಕಾಲೇಜಿನ ಹಿಂದಿನ ಕೋಣೆ, ಎರಡು ಕಂಪ್ಯೂಟರ್, ಒಂದು ಫ್ಯಾನು. ಗಾಂಧಿನಗರದ ನನ್ನ ಬಾಡಿಗೆ ಕೋಣೆಯಿಂದ ನಡೆದೇ ಹೋಗಬಹುದಿತ್ತು. ಅತಿಥಿ ಉಪನ್ಯಾಸಕಿ ಎನಿಸಿಕೊಂಡು ಪ್ರತಿ ವರ್ಷ ರಜೆಗೆ ಮುಂಚೆ ಕೆಲಸ ಕಳೆದುಕೊಂಡು ಸಾಕಾಗಿದ್ದ ನನಗೆ ಅಷ್ಟೇ ಸಾಕಿತ್ತು.

ಒಂದೊಂದು ಬ್ಲಾಗಿಗೂ ಒಂದು ಹಾಳೆ. ಮೊದಲ ಅಂಕಣ ‘ವಿಷಯದ ತೀವ್ರತೆ’, ಅದಕ್ಕೆ ಐದರವರೆಗೆ ಅಂಕ. ಎರಡನೆಯದು ‘ಪ್ರಭಾವ’, ಅದಕ್ಕೂ ಐದು. ಓದುಗರು ಅದೇ ಬರಹಕ್ಕೆ ಮತ್ತೆ ಮತ್ತೆ ಬರುತ್ತಾರೆಯೇ, ಬರೆದವರಿಗೆ ಫೋನು ಮಾಡುತ್ತಾರೆಯೇ, ಹೇಳಿದಂತೆ ನಡೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಎರಡನೆಯದನ್ನು ತುಂಬಬೇಕು. ಬೆಂಕಿ ಉಗುಳುವ ಬ್ಲಾಗುಗಳೂ ಒಂದೆರಡು ಸಿಕ್ಕವು, ಸುಳ್ಳು ಹೇಳುವುದಿಲ್ಲ. ಆದರೆ ಅವನ್ನು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಓದುತ್ತಿರಲಿಲ್ಲ. ಉಳಿದವುಗಳಲ್ಲಿ ಬಿರಿಯಾನಿ, ರೋಜಾ ಉಪವಾಸ, ಮಗಳ ಮದುವೆ, ಅತ್ತೆಯ ಕಾಟ. ನಾನು ದಿನವಿಡೀ ಸೊನ್ನೆ ಸುತ್ತುತ್ತಿದ್ದೆ.

ಮೂರನೇ ತಿಂಗಳು ಪಟ್ಟಿಯಲ್ಲಿ ನನ್ನ ಟೀಚರ್ ಬಂದರು. ಹೆಸರಿರಲಿಲ್ಲ, ಆದರೆ ಎರಡು ಸಾಲು ಓದುವಷ್ಟರಲ್ಲಿ ಗುರುತು ಹಿಡಿದೆ. ‘ಅವಸರ ಮಾಡಬ್ಯಾಡ್ರಿ, ಸತ್ತೋರಿಗೆ ಅವಸರ ಇರಂಗಿಲ್ಲ’ ಎಂದು ಬರೆಯುವವರು ಸಿರುಗುಪ್ಪದಲ್ಲಿ ಇನ್ನೊಬ್ಬರು ಇರಲಾರರು. ನಿವೃತ್ತಿಯಾದ ಮೇಲೆ ಕನ್ನಡದಲ್ಲಿ ಬ್ಲಾಗು ಶುರು ಮಾಡಿದ್ದರು, ಕನ್ನಡ ಶಾಲೆಗೆ ಹೋದ ಹುಡುಗಿಯರಿಗೆ ಉರ್ದು ಓದಲು ಬರುವುದಿಲ್ಲವಲ್ಲ ಎಂದು. ಹೆಣ್ಣುಮಕ್ಕಳು ತೀರಿಕೊಂಡರೆ ಅವರ ಮೈಯನ್ನು ಹೆಣ್ಣುಮಕ್ಕಳೇ ತೊಳೆಯಬೇಕು. ಅದಕ್ಕೆ ಗುಸಲ್ ಎನ್ನುತ್ತಾರೆ. ಹಳ್ಳಿಗಳಲ್ಲಿ ಅದು ಗೊತ್ತಿದ್ದ ಮುದುಕಿಯರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಯಾವ ನೀರು, ಯಾವ ಎಲೆ, ಮೊದಲು ಯಾವ ಕೈ, ಬಟ್ಟೆ ಸರಿಸದೆ ಹೇಗೆ ತೊಳೆಯಬೇಕು, ಅಳು ಬಂದರೆ ಏನು ಮಾಡಬೇಕು, ಎಲ್ಲವನ್ನೂ ಅವರು ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಬರೆದಿದ್ದರು.

ಇವರು ನನಗೆ ಗೊತ್ತು ಎಂದು ಸಂಶೋಧನೆಯ ಮುಖ್ಯಸ್ಥರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಹಾಳೆಯನ್ನು ಬೇರೆಯವರ ಕೈಗೆ ಕೊಡುತ್ತಾರೆ, ಅವರು ಏನು ಗೀಚುತ್ತಾರೋ ಎಂಬ ಭಯ. ಟೀಚರಿಗೂ ಹೇಳಲಿಲ್ಲ. ಬರಹದ ಕೆಳಗೆ ನಂಬರು ಬಿಟ್ಟಿದ್ದ ಅವರ ಓದುಗರಿಗೆ ಮಾತ್ರ ಫೋನು ಹಚ್ಚಿದೆ. ಹೆಂಗಸರು ಇಂಟರ್ನೆಟ್ಟಿನಲ್ಲಿ ಏನೇನು ಓದುತ್ತಾರೆ ಎಂಬ ಸರ್ವೆ ಎಂದೆ. ಟೀಚರ್ ಬರೆದಿದ್ದನ್ನು ನಾನೂ ಪೂರ್ತಿ ಓದಿದ್ದೇನೆ ಎಂದಾಗ ಹಚ್ಚೊಳ್ಳಿ ಎಂಬ ಹಳ್ಳಿಯ ಒಬ್ಬಾಕೆ ಬಹಳ ಹೊತ್ತು ಮಾತಾಡಿದಳು.

“ನಮ್ಮ ಊರಾಗ ಗುಸಲ್ ಕೊಡಾಕಿ ನಮ್ಮವ್ವ ಒಬ್ಬಾಕೀನ ಅದಾಳ್ರಿ. ಆಕಿಗೂ ಮರೆವು ಜಾಸ್ತಿ ಆಗೇತಿ. ನಾನು ಟೀಚರ್ ಬರದಿದ್ದನ್ನ ಮೊಬೈಲ್‌ನಾಗ ಓದತೀನಿ, ಆಕಿ ಹಂಗ ಮಾಡ್ತಾಳ.”

ನಾನು ಪೆನ್ನು ತೆಗೆದುಕೊಂಡೆ. ತೀವ್ರತೆಗೆ ಸೊನ್ನೆ. ಪ್ರಭಾವಕ್ಕೆ ಐದಕ್ಕೆ ಐದು. ಟೀಚರ್ ಅಡುಗೆಮನೆಯಲ್ಲಿ ಬೆಳೆದವಳು ನಾನು, ನಾನೂ ಪಾಠ ಹೇಳುವವಳೇ. ನಮಗೆ ಅಂಕ ಎಂದರೆ ಹೆಚ್ಚು ಬಿದ್ದಷ್ಟೂ ಒಳ್ಳೆಯದು. ನನಗೆ ಅಕ್ಷರ ಕಲಿಸಿದವರಿಗೆ ಸರ್ಕಾರಿ ಕಾಗದದ ಮೇಲೆ ಪೂರ್ತಿ ಅಂಕ ಕೊಟ್ಟೆ ಎಂದು ಆ ದಿನ ಬೀಗಿದೆ. ಸಂಜೆ ಮಿರ್ಚಿ ತಿಂದು ಮನೆಗೆ ಹೋದೆ. ನನಗಿಂತ ಪೆದ್ದಿ ಈ ಜಿಲ್ಲೆಯಲ್ಲಿ ಇದ್ದರೆ ಹೇಳಲಿ.

ವರದಿಯ ಕೊನೆಯಲ್ಲಿ ಎರಡು ಅಂಕಣಗಳನ್ನೂ ಕೂಡಿಸಿದರು. ಕೂಡಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬೆಂಕಿ ಉಗುಳುವ ಬ್ಲಾಗಿಗೆ ಒಟ್ಟು ನಾಲ್ಕು, ಏಕೆಂದರೆ ಅದಕ್ಕೆ ಓದುಗರೇ ಇಲ್ಲ. ಟೀಚರಿಗೆ ಐದು. ಹೆಣ ತೊಳೆಯುವುದನ್ನು ಹೇಳಿಕೊಡುವ ಬ್ಲಾಗು ಇಡೀ ಪಟ್ಟಿಯ ತಲೆಯ ಮೇಲೆ ಕೂತಿತು. ನಾನು ಮುಖ್ಯಸ್ಥರ ಬಳಿ ಓಡಿದೆ. ಅವರು ಮೆತ್ತಗೆ ಮಾತಾಡುವ ಪ್ರಾಧ್ಯಾಪಕರು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ.

“ಅವರು ಕೆಟ್ಟವರು ಅಂತ ನಾವೆಲ್ಲಿ ಹೇಳೀವಿ? ಪ್ರಭಾವ ಐತಿ ಅಂತ ಹೇಳೀವಿ. ಅಂಕ ನೀವೇ ಕೊಟ್ಟೀರಲ್ಲ.”

ಕೋಣೆಯಲ್ಲಿ ಹೇಳಿದ್ದು ಅಷ್ಟು. ಕಾಗದದಲ್ಲಿ ಮಾತ್ರ ‘ಹೆಚ್ಚಿನ ನಿಗಾ ಅಗತ್ಯ’ ಎಂದು ಬರೆದು ದೆಹಲಿಗೆ ಕಳಿಸಿದರು. ನಾವು ಇಳಿಸಿಕೊಂಡಿದ್ದ ಪುಟಗಳೆಲ್ಲ ಒಂದು ಡಿಸ್ಕಿಗೆ ತುಂಬಿ, ಅರಗಿನ ಮುದ್ರೆ ಬಿದ್ದು, ವರದಿಯ ಜೊತೆಗೇ ಹೋದವು. ಸ್ವಂತಕ್ಕೆ ಪ್ರತಿ ಇಟ್ಟುಕೊಳ್ಳುವುದಿಲ್ಲ ಎಂದು ಮೊದಲೇ ಸಹಿ ಹಾಕಿಸಿಕೊಂಡಿದ್ದರು. ನಾನು ಪ್ರಾಮಾಣಿಕಳು, ಇಟ್ಟುಕೊಂಡಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಬ್ಲಾಗು ತೆರೆದರೆ ಖಾಲಿ. ಸಿರುಗುಪ್ಪದ ಬಸ್ಸು ಹತ್ತಿದೆ. ಟೀಚರ್ ಬಾಗಿಲು ತೆರೆದರು, ಕೂರಿಸಿದರು, ಚಹಾ ಕೊಟ್ಟರು. ಇಬ್ಬರು ಬಂದಿದ್ದರಂತೆ, ಸಾದಾ ಬಟ್ಟೆಯಲ್ಲಿ.

“ಎಷ್ಟು ಹೆಣ ತೊಳದೀರಿ, ಯಾರ್ಯಾರವು, ಯಾರು ಕಳಿಸಿದ್ರು ಅಂತ ಕೇಳಿದ್ರು. ಊರಾಗಿನ ಮುದುಕ್ಯಾರ ಹೆಸರೆಲ್ಲ ಹೇಳಿದೆ. ಬರಕೊಂಡ್ರು. ಅಳಿಯಗ ಭಯ ಆತು. ಎಲ್ಲಾ ಅಳಿಸಿದ. ನನ್ನ ಫೋನೂ ಈಗ ಅವನ ಹತ್ರಾನ ಐತಿ.”

ನಾನು ಹೇಳಿಬಿಟ್ಟೆ. ಅಂಕ ಕೊಟ್ಟವಳು ನಾನೇ, ಒಳ್ಳೆಯದಾಗಲಿ ಎಂದು ಕೊಟ್ಟೆ ಎಂದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

“ನನ್ನ ಮನಿ ನಿನಗ ಗೊತ್ತಿತ್ತಲ್ಲ ಲೇ,” ಎಂದರು. “ಬಂದು ಒಂದು ಮಾತು ಕೇಳಬಾರದಾಗಿತ್ತಾ?”

ಮತ್ತೆ ಬರೆಯಿರಿ, ನಾನು ಕೂತು ಬರೆದುಕೊಳ್ಳುತ್ತೇನೆ, ಬಾಯಲ್ಲಿ ಹೇಳಿದರೂ ಸಾಕು ಎಂದೆ. ಅವರು ಬೇಡ ಎಂದು ಕೈ ಅಲ್ಲಾಡಿಸಿದರು. ಬಾಗಿಲವರೆಗೂ ಬಂದವರು, ಓಣಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೆ ಈಚೆ ನೋಡಿ, ಆಮೇಲೆ ನನ್ನನ್ನು ಕಳಿಸಿದರು. ನಾನು ಆ ಮನೆಯಿಂದ ಸಾವಿರ ಸಲ ಹೊರಗೆ ಬಂದಿದ್ದೇನೆ, ಹಾಗೆ ಎಂದೂ ಬಂದಿರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹಚ್ಚೊಳ್ಳಿಯಿಂದ ಫೋನು ಬಂತು. ಸರ್ವೆಗೆ ಮಾತಾಡಿದ್ದ ಆಕೆಯೇ. ಹಿಂದೆ ಹೆಂಗಸರು ಅಳುವ ಸದ್ದು.

“ಮೇಡಂ, ನಮ್ಮವ್ವ ಹೋಗಿಬಿಟ್ಟಳ್ರಿ. ಟೀಚರ್ ಬರದಿದ್ದು ಮೊಬೈಲ್‌ನಾಗ ಸಿಗವಲ್ದು. ಗುಸಲ್ ಗೊತ್ತಿದ್ದಾಕಿ ಊರಾಗ ನಮ್ಮವ್ವ ಒಬ್ಬಾಕೀನ ಇದ್ದಳ್ರಿ. ನೀವು ಎಲ್ಲಾ ಓದೀರಲ್ಲ, ಹೇಳ್ರಿ.”

ಇರು ಎಂದು ಹೇಳಿ ಟೀಚರ್ ನಂಬರಿಗೆ ಹಚ್ಚಿದೆ. ಅಳಿಯ ಎತ್ತಿದ. ವಿಷಯ ಪೂರ್ತಿ ಕೇಳಿಸಿಕೊಂಡ.

“ಅದೆಲ್ಲ ಬಿಟ್ಟೀವ್ರಿ ನಾವು,” ಎಂದು ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಹಚ್ಚೊಳ್ಳಿಗೆ ಮತ್ತೆ ಮಾಡಿದೆ. ವಿಡಿಯೋ ನೋಡಲು ಹೇಳಿದೆ. ನೋಡಿದ್ದಳಂತೆ. ಒಂದರಲ್ಲಿ ಕೂದಲನ್ನು ಎರಡು ಪಾಲು ಮಾಡಿ ಎದೆಯ ಮೇಲೆ ಇಳಿಬಿಡುತ್ತಾರೆ, ಇನ್ನೊಂದರಲ್ಲಿ ಮೂರು ಜಡೆ ಹಾಕಿ ಹಿಂದಕ್ಕೆ ಬಿಡುತ್ತಾರೆ, ಮನೆಯಲ್ಲಿ ಹೆಂಗಸರೆಲ್ಲ ಒಂದೊಂದು ಹೇಳುತ್ತಿದ್ದಾರೆ.

“ನಮ್ಮವ್ವ ಎಲ್ಲಾರಿಗೂ ಹೆಂಗ ಮಾಡತಿದ್ದಳೋ ಹಂಗ ಆಕಿಗೂ ಆಗಬೇಕ್ರಿ. ಟೀಚರ್ ಎಷ್ಟು ಅಂತ ಬರದಿದ್ರು? ಎರಡೋ ಮೂರೋ?”

ಆ ಬರಹವನ್ನು ನಾನು ನಾಲ್ಕು ಸಲ ಓದಿದ್ದೆ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಪುಟದ ಬಣ್ಣ ನೆನಪಾಯಿತು. ಓದುಗರು ಎಷ್ಟು ಸಲ ಹಿಂತಿರುಗಿ ಬಂದಿದ್ದರು, ಎಷ್ಟು ಜನ ಫೋನು ಮಾಡಿದ್ದರು, ನಾನು ಯಾವ ಚೌಕದಲ್ಲಿ ಏನು ತುಂಬಿದೆ ಎಂಬುದೂ ನೆನಪಾಯಿತು. ಕೂದಲಿನ ಮಾತು ಮಾತ್ರ ಬರಲಿಲ್ಲ.

“ನನಗ ಗೊತ್ತಿಲ್ಲವ್ವ,” ಎಂದೆ.

ಆ ಕಡೆ ಯಾರೋ ಕಾಸಿದ ನೀರು ಆರುತ್ತಿದೆ ಎಂದು ಕೂಗಿದರು. ಆಕೆ ಫೋನು ಇಡಲಿಲ್ಲ, ನನಗೆ ನೆನಪಾದೀತು ಎಂದು.