ಒಂದು ಹಿಡಿ ಕಡಿಮೆ ಹಾಕಿದ ರಾಕೆಟ್ಟು

ನನ್ನ ಮೊಮ್ಮಗಳು ಗೆದ್ದಳು. ಅವಳ ರಾಕೆಟ್ಟೇ ಎಲ್ಲಕ್ಕಿಂತ ಹಗುರ! ಯಾವ್ಯಾವುದೋ ದೇಶದವರು, ಗಡ್ಡ ಮೀಸೆ ಬಂದವರು, ಕಾಲೇಜು ಮುಗಿಸಿದವರು ಕಟ್ಟಿ ಕಳಿಸಿದ ರಾಕೆಟ್ಟುಗಳ ಪಟ್ಟಿಯಲ್ಲಿ ಮೊದಲನೇ ಸಾಲಿನಲ್ಲಿ ನಮ್ಮ ಮನೆಯ ಹುಡುಗಿ ಕೂತಿದ್ದಾಳೆ. ಎರಡನೆಯವನಿಗಿಂತ ಹನ್ನೊಂದು ಕಿಲೋ ಕಡಿಮೆ. ಈ ಸುದ್ದಿಯನ್ನು ಹಾಲಿನವನಿಗೆ, ಎಸ್ಟೇಟಿನ ಲೈನ್‌ಮನೆಗಳ ಕೂಲಿಯವರಿಗೆ, ಕೊಡ್ಲಿಪೇಟೆ ಸಂತೆಯಲ್ಲಿ ವೀಳ್ಯದೆಲೆ ಮಾರುವವಳಿಗೆ, ಎಲ್ಲರಿಗೂ ಹೇಳಿಯಾಯಿತು. ಎಲೆ ಮಾರುವವಳು ಗಾಬರಿಯಿಂದ, "ರಾಕೆಟ್ಟು ಎಲ್ ಬಿತ್ತವ್ವ? ಯಾರ್ಗೂ ಏಟಾಗ್ಲಿಲ್ವ?" ಎಂದು ಕೇಳಿದಳು.

"ಬೀಳ್ಲಿಲ್ಲ ಕಣೆ. ಅದೇ ಸಮಾಚಾರ" ಅಂದೆ.

ಬೀಳಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕು. ರಾಕೆಟ್ಟು ನಿಜವಾದದ್ದಲ್ಲ, ಕಂಪ್ಯೂಟರಿನೊಳಗಿನ ಆಟದ್ದು. ಆದರೆ ಚೌಕಾಬಾರ ಆಡಿದ ಹಾಗಲ್ಲ ಅದು. ಎಂಜಿನ್ನು, ಎಣ್ಣೆಯ ಡ್ರಮ್ಮು, ತುದಿಯಲ್ಲಿ ತಲೆಯಂತೆ ಕೆಲಸ ಮಾಡುವ ಒಂದು ಸಣ್ಣ ಯಂತ್ರ, ಎಲ್ಲವನ್ನೂ ಆಡುವವರೇ ಜೋಡಿಸಬೇಕು. ಡ್ರಮ್ಮು ಒಂದರ ಮೇಲೊಂದು ಎರಡು, ಕೆಳಗಿನದು ಖಾಲಿಯಾದರೆ ದಾರಿಯಲ್ಲೇ ಕಳಚಿ ಬೀಳುತ್ತದೆ. ಒಂದೊಂದಕ್ಕೂ ತೂಕ ಉಂಟು, ತಪ್ಪು ಜೋಡಿಸಿದರೆ ನಿಜವಾದದ್ದರಂತೆಯೇ ಮುರಿದು ಬೀಳುತ್ತದೆ. ಈ ಆಟ ಆಡುವವರದ್ದೊಂದು ಗುಂಪು ಒಂದು ಪಂದ್ಯ ಇಟ್ಟಿತ್ತು. ರಾಕೆಟ್ಟು ಗಾಳಿ ಮುಗಿಯುವಷ್ಟು ಎತ್ತರಕ್ಕೆ ಹೋಗಿ, ಕೆಳಗೆ ಬೀಳದೆ ಭೂಮಿಯನ್ನು ಸುತ್ತುತ್ತಿರಬೇಕು. ನೆಲದ ಮೇಲೆ ನಿಂತಾಗ ಯಾರದ್ದು ಎಲ್ಲಕ್ಕಿಂತ ಕಡಿಮೆ ತೂಕವೋ ಅವರು ಗೆದ್ದರು. ಎಷ್ಟು ಸಲ ಬೇಕಾದರೂ ಹಾರಿಸಬಹುದು, ಆದರೆ ಭಾನುವಾರ ಸಾಯಂಕಾಲ ನಾಲ್ಕು ಗಂಟೆಯೊಳಗೆ ಕಳಿಸಿಬಿಡಬೇಕು.

ಇದಕ್ಕೆ ಹಿಂದೆ ಎರಡು ಪಂದ್ಯಗಳಲ್ಲಿ ನನ್ನ ಮೊಮ್ಮಗಳು ಎರಡನೆಯವಳಾಗಿದ್ದಳು. ಎರಡು ಸಲವೂ ಮೊದಲನೆಯವನು ಒಬ್ಬನೇ.

"ಎರಡ್ನೇದು ಅಂದ್ರೂ ದೊಡ್ಡದೇ ಕಣ್ ಮಗ" ಎಂದು ನಾನು ಸಮಾಧಾನ ಹೇಳಿದರೆ, "ಎರಡ್ನೇದಕ್ಕಿಂತ ಹತ್ತನೇದು ವಾಸಿ ಅಜ್ಜಿ. ನಿದ್ದೆ ಆದ್ರೂ ಬತ್ತದೆ" ಅಂದಳು. ಒಂಬತ್ತನೇ ಕ್ಲಾಸಿನ ಹುಡುಗಿ ಆಡುವ ಮಾತೇ ಇದು?

ಅವಳ ಪರೀಕ್ಷೆ ಬೇರೆ ಹತ್ತಿರ ಬಂದಿತ್ತು. ನನ್ನ ಮಗ ಎಸ್ಟೇಟಿನ ಪಿಕಪ್ ಓಡಿಸುತ್ತಾನೆ, ಮಾತು ಕಡಿಮೆ, ಆಡಿದರೆ ಆಡಿದ್ದೇ. "ಭಾನುವಾರ ಸಂಜೆಗೆ ಮುಗೀತು. ಪರೀಕ್ಷೆ ಮುಗಿಯೋಗಂಟ ಕಂಪ್ಯೂಟರು ಬೀರು ಒಳಗೆ" ಅಂದಿದ್ದ. ಈ ಸಲ ಆಗದಿದ್ದರೆ ಎರಡನೆಯವಳಾಗಿಯೇ ಆ ಬೀರುವಿನ ಬಾಗಿಲು ಹಾಕಿಕೊಳ್ಳಬೇಕು. ಅದೊಂದೇ ಅವಳ ಮುಖದಲ್ಲಿ ಕಾಣುತ್ತಿತ್ತು.

ನಮ್ಮ ಮನೆಯಲ್ಲಿ ನೆಟ್ಟು ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಸಿಲ್ವರ್ ಮರದ ಬುಡದಲ್ಲಿ ಮಾತ್ರ. ಶನಿವಾರ ಬೆಳಿಗ್ಗೆ ಅವಳು ಅಲ್ಲಿ ಸ್ಟೂಲ್ ಹಾಕಿಕೊಂಡು, ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಅವರಜ್ಜನ ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಕೂತಿದ್ದಳು. ನಾನು ಹಲಗೆ ಹಿಡಿದು ಕಾಫಿ ಮಗುಚುತ್ತಿದ್ದೆ.

"ಎಷ್ಟ್ ತೂಕ ಅದೆ ಮಗ ನಿನ್ ರಾಕೆಟ್ಟು?"

"ಸಾವಿರದೈನೂರು ಕೆ.ಜಿ. ಅಜ್ಜಿ."

"ಅಂದ್ರೆ ಮೂವತ್ತು ಮೂಟೆ ಕಾಫಿ."

"ಹೂಂ. ಆ ಮೊದಲ್ನೆಯೋನು ಆಗ್ಲೇ ಕಳ್ಸವ್ನೆ, ಅವನ್ದು ಇಪ್ಪತ್ತೊಂಬತ್ತು ಮೂಟೆ."

"ಒಂದ್ ಮೂಟೆ ತಾನೆ? ಇಳ್ಸು."

"ಎಲ್ಲಿಂದ ಇಳ್ಸದು? ಮೇಲೆ ಹೋಗಕ್ಕೆ ಎಣ್ಣೆ ಬೇಕು. ಹಾಕಿದ್ರೆ ಆ ಎಣ್ಣೇನೂ ಅದೇ ಹೊರ್ಬೇಕು. ಅದನ್ ಹೊರಕ್ಕೆ ಇನ್ನಷ್ಟು ಎಣ್ಣೆ ಬೇಕು. ಅದಕ್ ಕೊನೆನೇ ಇಲ್ಲ."

ನಾನು ಹಲಗೆ ನಿಲ್ಲಿಸಿದೆ. ಮೂರನೇ ಕ್ಲಾಸಿನವರೆಗೆ ಓದಿದ ನನಗೆ ಅವಳ ಪುಸ್ತಕದ್ದೊಂದೂ ತಿಳಿಯುವುದಿಲ್ಲ. ಆದರೆ ಇದು ನನಗೆ ಗೊತ್ತಿತ್ತು, ನನ್ನ ತಲೆಗೇ ಗೊತ್ತಿತ್ತು!

ಮದುವೆಯಾದ ಹೊಸತರಲ್ಲಿ ನಾನು, ನಮ್ಮತ್ತೆ, ಇನ್ನಿಬ್ಬರು ಹೆಂಗಸರು ಏಲಕ್ಕಿ ಮಲೆಗೆ ಅಕ್ಕಿ ಹೊತ್ತುಕೊಂಡು ಹೋಗುತ್ತಿದ್ದೆವು. ಮೇಲೆ ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಏಲಕ್ಕಿ ಬಿಡಿಸುವವರಿಗೆ ಅದೇ ಅನ್ನ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಮೂಟೆ, ಕಾಲಿಗೆ ಜಿಗಣೆ. ಎರಡು ದಿನದ ಏರು ದಾರಿ. ದಾರಿಯಲ್ಲಿ ನಾವೂ ಉಣ್ಣಬೇಕಲ್ಲ? ಆ ಅಕ್ಕಿಯನ್ನೂ ನಾವೇ ಹೊರಬೇಕು. ಹೊರೆ ಹೆಚ್ಚಿದರೆ ಹಸಿವು ಹೆಚ್ಚು, ಹಸಿವು ಹೆಚ್ಚಿದರೆ ಅಕ್ಕಿ ಹೆಚ್ಚು. ಅದಕ್ಕೇ ನಮ್ಮತ್ತೆ ಗುಡ್ಡದ ಬುಡದ ಹಳ್ಳದಲ್ಲಿ ಎಲ್ಲರ ಗಂಟನ್ನೂ ಬಿಚ್ಚಿಸುತ್ತಿದ್ದರು. ಒಂದೊಂದೇ ಸಾಮಾನು ಎತ್ತಿ ಹಿಡಿದು, "ಇದು ಮೇಲೆ ಹೋಗಿ ಏನ್ ಮಾಡ್ತದೆ?" ಎಂದು ಕೇಳುವರು. ಉತ್ತರ ಹೇಳಿದರೆ ಗಂಟಿಗೆ, ತಡವರಿಸಿದರೆ ಮರಕ್ಕೆ. ಬರುವಾಗ ಬಿಚ್ಚಿಕೊಂಡರಾಯಿತು. ನನ್ನ ಎರಡನೇ ಸೀರೆ ಮರದಲ್ಲಿ ಎಷ್ಟು ಸಲ ನೇತಾಡಿತೋ! ಅರ್ಧ ದಾರಿಯಲ್ಲಿ ಗಂಜಿ ಬೇಯಿಸಿದ ಮಡಕೆಯನ್ನೂ ಅಲ್ಲೇ ಬಂಡೆಯ ಸಂದಿಗೆ ಸೇರಿಸಿ ಮುಂದೆ ಹೋಗುತ್ತಿದ್ದೆವು.

ಇದನ್ನೆಲ್ಲ ಕೇಳಿ ನನ್ನ ಮೊಮ್ಮಗಳು ಕೊಡೆ ಕೆಳಗಿಟ್ಟಳು. "ಅಜ್ಜಿ, ಬಾ ಇಲ್ಲಿ. ನನ್ ರಾಕೆಟ್ಟಿಗೂ ಹಂಗೇ ಕೇಳು."

ಕನ್ನಡಕ ತರಿಸಿ ಅವಳ ಪಕ್ಕ ಕೂತೆ. ಬೆರಳು ಇಟ್ಟು ಕೇಳುತ್ತಾ ಹೋದೆ.

"ಇದು?"

"ರೆಕ್ಕೆ. ಗಾಳಿಲಿ ನೆಟ್ಟಗೆ ಹೋಗಕ್ಕೆ."

"ಮೇಲೆ ಹೋಗಿ ಏನ್ ಮಾಡ್ತದೆ?"

"ಮೇಲೆ ಗಾಳಿನೇ ಇಲ್ಲ."

"ಹಂಗಾರೆ ಕೆಳಗಿನ ಡ್ರಮ್ಮಿಗೆ ಹಾಕು. ಡ್ರಮ್ಮು ಬೀಳುವಾಗ ಅದೂ ಬೀಳ್ಲಿ. ಈ ಮಿಣಿಮಿಣಿ ದೀಪ?"

ಅವಳು ಸ್ವಲ್ಪ ತಡೆದು, "ಚಂದಕ್ಕೆ" ಅಂದಳು.

"ನನ್ ಎರಡ್ನೇ ಸೀರೆ" ಅಂದೆ. ಇಬ್ಬರೂ ನಕ್ಕೆವು. ದೀಪ ಹೋಯಿತು.

ಹೀಗೆ ತೆಗೆಯುತ್ತಾ ತೆಗೆಯುತ್ತಾ ನನಗೆ ಹುರುಪು ಬಂದುಬಿಟ್ಟಿತು. ಒಂದು ಪುಟ್ಟ ಡಬ್ಬಿ ಕಂಡಿತು. ಬ್ಯಾಟರಿ ಅಂದಳು. ತುದಿಯ ಯಂತ್ರಕ್ಕೆ ಕರೆಂಟು ಕೊಡುವಂಥದ್ದು, ಯಂತ್ರದೊಳಗೂ ಸ್ವಲ್ಪ ಇದೆ ಅಂದಳು. "ಇದೆಯಲ್ಲ, ಮತ್ಯಾಕೆ ಎರಡೆರಡು? ತೆಗಿ" ಎಂದುಬಿಟ್ಟೆ. ಅವಳು ಅನುಮಾನಿಸುತ್ತಲೇ ತೆಗೆದಳು.

ಹಾರಿಸಿದಳು. ಚೆನ್ನಾಗಿಯೇ ಏರಿತು. ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ಕರೆಂಟು ಮುಗಿದು ಯಂತ್ರ ಕಣ್ಣು ಮುಚ್ಚಿತು. ಎಣ್ಣೆ ಇದ್ದರೂ ತಿರುಗಿಸುವವರಿಲ್ಲದೆ ರಾಕೆಟ್ಟು ಪಲ್ಟಿ ಹೊಡೆಯುತ್ತಾ ಸಮುದ್ರಕ್ಕೆ ಬಿತ್ತು.

ಜಗುಲಿಯಿಂದ ನಮ್ಮ ಯಜಮಾನರು ಕೂಗಿದರು: "ಹಾಸನದ ಬಸ್ಸಲ್ಲಿ ಎರಡ್ ತಿರುವು ದಾಟಕ್ಕಿಲ್ಲ, ಕವರ್ ಹಿಡ್ಕಂಡ್ ಕೂರ್ತಾಳೆ. ಇವ್ಳ್ ಮಾತ್ ಕೇಳಿ ರಾಕೆಟ್ ಹಾರಿಸ್ತೀಯಲ್ಲ ಮಗ!"

"ನೀವ್ ಸುಮ್ನಿರಿ. ನಿಮ್ ಕೊಡೆ ಬಿಟ್ರೆ ನಿಮ್ದೇನ್ ಅದೆ ಇದ್ರಲ್ಲಿ?" ಅಂದೆ. ಆದರೆ ನನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ಒಮ್ಮೆ ಮಲೆಗೆ ಹೋಗುವಾಗ, ಅತ್ತೆಯ ಮುಂದೆ ನಾನೂ ಗಟ್ಟಿಗಿತ್ತಿ ಎಂದು ತೋರಿಸಲು ಹೋಗಿ, ಅವರು ಕೇಳುವ ಮೊದಲೇ ಬೆಂಕಿಪೊಟ್ಟಣ ಕಟ್ಟಿದ ಗಂಟನ್ನು ಮರಕ್ಕೆ ಹಾಕಿಬಿಟ್ಟಿದ್ದೆ. ತಲೆಯ ಮೇಲೆ ಮೂಟೆ ಅಕ್ಕಿ ಇಟ್ಟುಕೊಂಡು ಆ ರಾತ್ರಿ ನಾಲ್ಕು ಹೆಂಗಸರೂ ನೆನೆಸಿದ ಅಕ್ಕಿ ಜಗಿದಿದ್ದೆವು. ಅದನ್ನು ಅವಳಿಗೆ ಹೇಳಿದೆ. "ತಪ್ಪು ನಂದು ಮಗ. ಅದ್ ಬೆಂಕಿಪೊಟ್ಟಣ. ವಾಪಸ್ ಹಾಕು."

ಹಾಕಿದಳು. ಶನಿವಾರ ಸಂಜೆಯ ಹೊತ್ತಿಗೆ ರಾಕೆಟ್ಟು ಸುತ್ತು ಬರುತ್ತಿತ್ತು, ಮುಕ್ಕಾಲು ಮೂಟೆಯಷ್ಟು ಇಳಿದೂ ಇತ್ತು. ಆದರೂ ಆ ಮೊದಲನೆಯವನದಕ್ಕಿಂತ ಹದಿಮೂರು ಕಿಲೋ ಹೆಚ್ಚು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನದೆ ಮರದ ಬುಡಕ್ಕೆ ಹೋದಳು. ಇನ್ನು ಕೇಳಲು ಸಾಮಾನೇ ಉಳಿದಿರಲಿಲ್ಲ. ನಾನು ಸುಮ್ಮನೆ ನೋಡುತ್ತಾ ಕೂತೆ. ರಾಕೆಟ್ಟು ಏರಿತು, ಸುತ್ತು ಹಿಡಿಯಿತು. ಪರದೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ ಸಣ್ಣದಾಗಿ ಉಳಿದಿತ್ತು.

"ಆ ಹಸಿರು ಏನದು?"

"ಮಿಕ್ಕಿದ ಎಣ್ಣೆ."

"ಸುತ್ತಕ್ಕೆ ಶುರು ಮಾಡಾದ್ಮೇಲೂ ಬೇಕಾ?"

"ಬೇಡ. ಇರ್ಲಿ ಅಂತ ಒಂಚೂರು ಜಾಸ್ತಿ ಹಾಕಿರ್ತೀನಿ. ಎರಡೂ ಡ್ರಮ್ಮಿಗೆ."

"ಇರ್ಲಿ ಅಂದ್ರೆ? ಯಾರ್ಗೆ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರ್ಗೆ ಅಂದ್ರೆ? ನೀನೇ ತಾನೆ ಕಲಿಸಿದ್ದು?"

ನಮ್ಮ ಮನೆಯಲ್ಲಿ ಅಕ್ಕಿ ಅಳೆದ ಮೇಲೆ ಒಂದು ಹಿಡಿ ಹೆಚ್ಚು ಹಾಕುತ್ತೇವೆ. ಊಟದ ಹೊತ್ತಿಗೆ ಯಾರಾದರೂ ಬಂದರೆ ಅವರಿಗೆ. ನಮ್ಮತ್ತೆ ಹಾಕುತ್ತಿದ್ದರು, ನಾನು ಹಾಕುತ್ತೇನೆ. ಈ ಹುಡುಗಿ ಐದು ವರ್ಷದವಳಿದ್ದಾಗಿನಿಂದ ಆ ಕೊನೆಯ ಹಿಡಿಗೆ ಅವಳದ್ದೇ ಕೈ. ಲೆಕ್ಕ ಹಾಕಿ, ಅಳೆದು, ಕಡೆಗೆ ಒಂದು ಹಿಡಿ ಎಣ್ಣೆ. ಅವಳಿಗದು ಹೆಚ್ಚು ಅಂತಲೇ ಅನ್ನಿಸಿರಲಿಲ್ಲ. ಆ ಹಿಡಿಯನ್ನು ಹೊರಲು ಕೆಳಗಿನ ಡ್ರಮ್ಮಿಗೆ ಬೊಗಸೆ, ಆ ಬೊಗಸೆಯ ಮೇಲೆ ಮತ್ತೊಂದು ಹಿಡಿ.

ನಲವತ್ತು ವರ್ಷ ಹಾಕಿದ ಕೈ ನನ್ನದು. ಆದರೂ ಅಂದೆ, "ಆ ದಾರೀಲಿ ನೆಂಟ್ರು ಬರಲ್ಲ ಮಗ. ತೆಗಿ."

"ತೆಗೆದ್ರೆ ಒಂಚೂರು ಕೈ ತಪ್ಪಿದ್ರೂ ಬಿದ್ದೋಯ್ತದೆ."

"ಕೈ ತಪ್ಪಿಸ್ಬೇಡ."

ಹೇಳುವುದು ಸುಲಭ. ಆ ಹಿಡಿ ಇಲ್ಲದೆ ಹಾರಿಸಿದ್ದು ಬಿತ್ತು. ಮತ್ತೆ ಹಾರಿಸಿದಳು, ಬಿತ್ತು. ಬೇಗ ವಾಲಿಸಿದೆ ಅಂದಳು, ತಡವಾಗಿ ವಾಲಿಸಿದೆ ಅಂದಳು. ಸೊಸೆ ಅಂಗನವಾಡಿಯಲ್ಲಿ ಮಕ್ಕಳಿಗೆ ತುತ್ತು ತಿನ್ನಿಸಿ ಅಭ್ಯಾಸವಿದ್ದವಳು, ಇವಳ ಬಾಯಿಗೂ ಉಪ್ಪಿಟ್ಟು ಇಟ್ಟು ಇಟ್ಟು ಹೋಗುತ್ತಿದ್ದಳು. ಮೂರು ಗಂಟೆ ದಾಟಿತು. ಮಗ ಪಿಕಪ್ ನಿಲ್ಲಿಸಿ, ಕೀಲಿಕೈ ಕೈಯಲ್ಲೇ ಹಿಡಿದು ನಮ್ಮ ಹಿಂದೆ ಬಂದು ನಿಂತ. ಯಜಮಾನರೂ ಜಗುಲಿ ಬಿಟ್ಟು ಬಂದರು.

"ಇದೇ ಕೊನೇದು" ಅಂದಳು. ಕೈ ಒರೆಸಿಕೊಂಡಳು.

ಕೆಳಗಿನ ಡ್ರಮ್ಮು ರೆಕ್ಕೆ ಸಮೇತ ಕಳಚಿ ಬಿತ್ತು. ಪರದೆಯಲ್ಲಿ ಒಂದು ನೀಲಿ ಗೆರೆ ಕಮಾನಿನಂತೆ ಬಾಗುತ್ತಾ ಬಂತು. ಅದರ ಎರಡು ತುದಿ ಕೂಡಿ ಬಳೆಯಾದರೆ ರಾಕೆಟ್ಟು ಬೀಳುವುದಿಲ್ಲ ಎಂದು ಆಗಲೇ ಕಲಿತಿದ್ದೆ. ಬಳೆ ಬಾಗುತ್ತಿದೆ, ಹಸಿರು ಪಟ್ಟಿ ಇಳಿಯುತ್ತಿದೆ. ಕೂದಲೆಳೆಯಷ್ಟಾಯಿತು. ಕಾಣದಾಯಿತು. ಎಂಜಿನ್ನಿನ ಸದ್ದು ನಿಂತಿತು.

ಬಳೆ ಕೂಡಿತ್ತು!

ಯಜಮಾನರು ಮೆಲ್ಲಗೆ, "ಈಗ ಬೀಳ್ತದ?" ಅಂದರು.

"ಇಲ್ಲಜ್ಜ. ಇನ್ ಬೀಳಲ್ಲ."

ಅವರು ಅಲ್ಲೇ ಕಾಫಿ ಮೂಟೆಯ ಮೇಲೆ ಕುಸಿದು ಕೂತರು. ತಾವೇ ಹಾರಿಸಿ ಸುಸ್ತಾದವರಂತೆ.

ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಕಳಿಸಿದಳು. ಅಲ್ಲಿನವರು ಎಲ್ಲರದ್ದನ್ನೂ ಪರೀಕ್ಷೆ ಮಾಡಿ ಪಟ್ಟಿ ಹಾಕುವ ಹೊತ್ತಿಗೆ ಆರು ದಾಟಿತ್ತು. ನಾವು ಐದು ಜನವೂ ಮರದ ಬುಡದಲ್ಲಿ ಒಂದೇ ಕೊಡೆಯ ಕೆಳಗೆ ನಿಂತಂತೆ ಒತ್ತಿಕೊಂಡು ನಿಂತಿದ್ದೆವು. ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರದು. ಅವಳು ನನ್ನ ಬೆರಳು ಹಿಡಿದು ಮೊದಲನೇ ಸಾಲಿನ ಮೇಲೆ ಇಟ್ಟಳು. ಆಮೇಲೆ ನನ್ನ ಹೆಗಲಿಗೆ ಮುಖ ಒತ್ತಿಕೊಂಡಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ, ರವಿಕೆ ಒದ್ದೆಯಾಯಿತು.

ಕಣ್ಣೊರೆಸಿಕೊಂಡು ಕಂಪ್ಯೂಟರನ್ನು ಅಪ್ಪನ ಮುಂದೆ ಹಿಡಿದಳು. "ತಗೊ ಅಪ್ಪ. ಬೀರು."

ಮಾತು ತಪ್ಪದ ನನ್ನ ಮಗ ಅದನ್ನು ಅವಳ ಕಡೆಗೇ ತಳ್ಳಿದ. "ನಾಳೆ ಇಟ್ರಾಯ್ತು. ಇವತ್ತು ಅದು ಸುತ್ತುತ್ತಾ ಇರ್ಲಿ" ಅಂದು, ಕೋಳಿ ತರಲು ಪಿಕಪ್ ತಿರುಗಿಸಿದ.

ಅಡಿಗೆಮನೆಯಲ್ಲಿ ನಾನು ಐದು ಜನಕ್ಕೆ ಅಕ್ಕಿ ಅಳೆದೆ. ಅಳೆದು ಕೈ ನಿಂತಿತು. ಹಿಂದಿನಿಂದ ಅವಳು ಬಂದು ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತುಂಬ ತೆಗೆದು ಪಾತ್ರೆಗೆ ಸುರಿದಳು. "ಇಲ್ಲಿಗಾದ್ರೆ ಬತ್ತಾರೆ ಅಜ್ಜಿ" ಅಂದಳು.

ಅಂದು ಯಾರೂ ಬರಲಿಲ್ಲ. ಕಂಪ್ಯೂಟರನ್ನು ಗೋಡೆಗೆ ಒರಗಿಸಿಟ್ಟು ಐವರೂ ನೆಲದ ಮೇಲೆ ಸಾಲಾಗಿ ಕೂತು ಉಂಡೆವು, ಅನ್ನ, ಕೋಳಿಸಾರು, ಸೊಸೆ ತಟ್ಟಿದ ಅಕ್ಕಿರೊಟ್ಟಿ. ಆ ಹೆಚ್ಚಿನ ಹಿಡಿಯ ಅನ್ನ ಮೊಮ್ಮಗಳ ತಟ್ಟೆಗೇ ಬಿತ್ತು. ಎರಡು ದಿನದ ಹಸಿವು ಅವಳದ್ದು. ಯಜಮಾನರು ತುತ್ತಿಗೊಮ್ಮೆ ಗೋಡೆಯ ಕಡೆ ನೋಡುವರು.

"ಇನ್ನೂ ಸುತ್ತುತ್ತಾ ಅದ ಮಗ?"

"ಸುತ್ತುತ್ತಾ ಅದೆ ಅಜ್ಜ."

"ಹಂಗಾರೆ ಇನ್ನೊಂದ್ ಸೌಟು ಸಾರು ಬಿಡಿಸು ನಿಮ್ಮಜ್ಜಿ ಕೈಲಿ."

ಬಿಟ್ಟೆ. ಎರಡು ಸೌಟು ಬಿಟ್ಟೆ.