ಪಂಕ್ತಿ ಏಳುವವರೆಗೆ

ಸವದತ್ತಿಯ ನಮ್ಮ ಓಣಿಯ ಪೆಂಡಾಲಿನವರಿಗೆ ಮಳೆಯ ಚಿಂತೆ ಹೇಳಿದರೆ ಒಂದೇ ಮಾತು: “ಏನೂ ಆಗಂಗಿಲ್ರಿ ಅಕ್ಕಾರ.”

ಬಸುರಿ ಮಗಳ ಕುಬಸದ ದಿನ ಬೀಗರು ಉಣ್ಣಲು ಕೂತಾಗಲೇ ಮಳೆ ಹೊಡೆಯಿತು. ಪೆಂಡಾಲಿನ ಬಟ್ಟೆ ನೀರು ತುಂಬಿ, ಮಗಳ ಹೊಟ್ಟೆಗಿಂತ ದೊಡ್ಡದಾಗಿ, ಬೀಗರ ಅಜ್ಜನ ತಲೆಯ ಮೇಲೆ ಜೋತುಬಿತ್ತು. ಪಂಕ್ತಿ ಮುಗಿಯದೆ ಯಾರೂ ಏಳುವಂತಿಲ್ಲ. ಅಜ್ಜ ತೊಯ್ದರೆ ಮಗಳು ಜನ್ಮವಿಡೀ ಮಾತು ಕೇಳಬೇಕು. ಪೆಂಡಾಲಿನವರು ಒಬ್ಬರೇ ಬಿದಿರಿನ ಗಳದಿಂದ ಬಟ್ಟೆ ಎತ್ತಿ ಹಿಡಿದು ನಿಂತರು. ಅಲ್ಲಿಂದಲೇ ಕೂಗಿದರು:

“ಅಜ್ಜಾರ, ಜಲ್ದಿ ಉಣ್ರಿ!”

“ಗಡಿಬಿಡಿ ಮಾಡಬ್ಯಾಡೋ ತಮ್ಮಾ. ಯವ್ವಾ, ಇನ್ನೊಂದು ಹೋಳಿಗಿ ನೀಡು.”

ನಾನು ಶಿವಶಿವಾ ಎನ್ನುತ್ತ ನೀಡಿದೆ. ಅಜ್ಜ ಮಜ್ಜಿಗೆ ಕುಡಿದು ಎದ್ದದ್ದೇ ತಡ, ಗಳ ಜಾರಿ ನೀರೆಲ್ಲ ಪೆಂಡಾಲಿನವರ ಮೇಲೆ ಸುರಿಯಿತು. ದೇವರು ದೊಡ್ಡವನು, ಬೀಗರು ತೊಯ್ಯಲಿಲ್ಲ.

ಮಳೆ ಇನ್ನೂ ನಿಂತಿರಲಿಲ್ಲ. ಒಣ ಧೋತರ ಉಟ್ಟು ಪೆಂಡಾಲಿನವರು ಉಣ್ಣಲು ಕೂತಾಗ ಗಳ ಹಿಡಿದವರು ಅಜ್ಜ.

“ಈಗ ನೀ ಜಲ್ದಿ ಉಣ್ಣೋ ತಮ್ಮಾ!”