ಹನ್ನೆರಡನೆಯ ಕೋಟೆ

ಮರಾಠಿ ನಾಡಿನ ಹಡಪಸರದಲ್ಲಿ ಹೋಟೆಲು ನಡೆಸುವ ರಘುರಾಮಣ್ಣನಿಗೆ ಮಧ್ಯಾಹ್ನದ ಊಟದ ಗಲಾಟೆ ಮುಗಿದರೆ ಗಲ್ಲಾಪೆಟ್ಟಿಗೆ ಪಕ್ಕದ ಹಳೇ ಡಬ್ಬಾ ಕಂಪ್ಯೂಟರೇ ಪ್ರಪಂಚ. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟು ದೇವತೆಗಳ ಕೋಟೆ ಹಿಡಿಯುವ, ಮೂವತ್ತು ವರ್ಷ ಹಳೆಯ ಆಟ ಅದರಲ್ಲಿದೆ. ಬಿಲ್ಲು ಕೊಡಲು ಬಂದ ಗಿರಾಕಿಗೂ "ಥಾಂಬಾ ಸಾಹೇಬ, ಯುದ್ಧ ಚಾಲೂ ಆಹೇ" ಎಂದು ಕಾಯಿಸುತ್ತಾರೆ. ಸಿಡಿಲಿನ ದೇವರು ಝ್ಯೂಸನನ್ನೇ ಪಕ್ಕದ ಮನೆಯವನಂತೆ ಬೈಯುತ್ತಾ ಹನ್ನೊಂದು ಕೋಟೆ ಗೆಲ್ಲುತ್ತಾರೆ. ಹನ್ನೆರಡನೆಯದು ಸಮುದ್ರದೇವರದು. ಅಲ್ಲಿ ಮಾತ್ರ ಉತ್ತರ ನಾಲಿಗೆ ತುದಿಯಲ್ಲಿದ್ದರೂ ಚಪ್ಪಲಿ ಕಳಚಿ, ಕೈಮುಗಿದು, ಸೋಲೊಪ್ಪುವ ಗುಂಡಿ ಒತ್ತಿಬಿಡುತ್ತಾರೆ. "ಒಂದು ಸಲವಾದ್ರೂ ಗೆಲ್ಲಬಾರದಾ ನೀವು?" ಎಂದು ಹೆಂಡತಿ ಲೀಲಾಕ್ಷಿ ರೇಗಿದರೆ, ರಘುರಾಮಣ್ಣ ತೃಪ್ತಿಯಿಂದ ಚಹಾ ಹೀರುತ್ತಾರೆ: "ಅಣ್ಣ ಮಲ್ಪೆಯಲ್ಲಿ ಇನ್ನೂ ಮೀನಿನ ಬೋಟಿಗೆ ಹೋಗ್ತಾನಲ್ಲ ಮಾರಾಯ್ತಿ, ಆ ದೇವರ ಹತ್ತಿರ ನಮಗೆ ಯಾಕೆ ಜಗಳ?"